ಶಿಕಾಗೋ ಕಟ್ಟಿದವರು ಯಾರು?

ಅಮೆರಿಕದ ಮಹಾನಗರಗಳನ್ನು ಧಣಿಗಳ ದೂರದೃಷ್ಟಿಯೇ ಕಟ್ಟಿತೆಂದು ಹೇಳುವ ಪಂಡಿತರಿಗೆ ಕೊರತೆಯಿಲ್ಲ. ಶಿಕಾಗೋವನ್ನೇ ನೋಡೋಣ. 1840ರಲ್ಲಿ ಅಲ್ಲಿದ್ದ ಜನ ಐದು ಸಾವಿರವೂ ಇಲ್ಲ. 1890ಕ್ಕೆ ಹತ್ತು ಲಕ್ಷ ಮೀರಿತು. 1848ರ ಕಾಲುವೆ, ಆಮೇಲೆ ರೈಲು, ಗೋಧಿ, ದನದ ಸಂತೆ ಊರನ್ನು ಬೆಳೆಸಿದವು, ನಿಜ. ಆ ಕಾಲುವೆ ತೋಡಿದವರಾದರೋ ಹೊಟ್ಟೆಪಾಡಿಗೆ ಬಂದ ಐರಿಷ್ ಕೂಲಿಗಳು.

ಧಣಿಯ ದೂರದೃಷ್ಟಿ ಎಂಥದೆಂದು ತಿಳಿಯಲು ನಗರದ ದಕ್ಷಿಣದ ಪುಲ್‌ಮನ್ ಊರನ್ನು ನೋಡಬೇಕು. ರೈಲಿನ ಮಲಗುಬಂಡಿ ಮಾಡಿಸುತ್ತಿದ್ದ ಜಾರ್ಜ್ ಪುಲ್‌ಮನ್ 1880ರಲ್ಲಿ ಕಟ್ಟಿಸತೊಡಗಿದ ಊರದು. ಇಟ್ಟಿಗೆಯ ಮನೆ, ನಲ್ಲಿನೀರು, ಹೂದೋಟ ಎಲ್ಲವೂ ಉಂಟು. ಕೂಲಿಗೆ ಸ್ವಂತ ಮನೆ ಮಾತ್ರ ಇಲ್ಲ. ಕಾರ್ಖಾನೆ ಕಂಪೆನಿಯದು, ಮನೆ ಕಂಪೆನಿಯದು, ಅಂಗಡಿ ಮಳಿಗೆಯೂ ಕಂಪೆನಿಯದೇ, ವ್ಯಾಪಾರಿಯೂ ಬಾಡಿಗೆದಾರ. ಇಗರ್ಜಿಗೂ ಬಾಡಿಗೆ! ತೆರುವವರಿಲ್ಲದೆ ದೇವರ ಮನೆ ಕೆಲಕಾಲ ಖಾಲಿ ಬಿದ್ದಿತ್ತು.

1893ರಲ್ಲಿ ಮುಗ್ಗಟ್ಟು ಬಂತು. ಕೂಲಿಯಲ್ಲಿ ಸರಾಸರಿ ಕಾಲುಭಾಗ ಕಡಿತ. ಬಾಡಿಗೆಯಲ್ಲಿ? ಒಂದು ಸೆಂಟೂ ಇಲ್ಲ. ಷೇರುದಾರರ ಶೇಕಡಾ 8ರ ಲಾಭಾಂಶವೂ ನಿಲ್ಲಲಿಲ್ಲ. 1894ರ ಮೇ ತಿಂಗಳಲ್ಲಿ ಮುಷ್ಕರ ಹೂಡಿದರು. ಯೂಜೀನ್ ಡೆಬ್ಸ್‌ರ ರೈಲ್ವೆ ಸಂಘ ಪುಲ್‌ಮನ್ ಬಂಡಿಗಳಿರುವ ರೈಲು ನಡೆಸೆವೆಂದಿತು. (ಆ ಸಂಘವೂ ನಿರ್ದೋಷಿಯಲ್ಲ: ಕರಿಯರಿಗೆ ಬಾಗಿಲು ಮುಚ್ಚಿತ್ತು, ಮಲಗುಬಂಡಿಯ ಕರಿಯ ಪೋರ್ಟರುಗಳು ಹೊರಗೇ ಉಳಿದರು.) ಜುಲೈಯಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡ್ ಸೈನ್ಯ ಕಳಿಸಿದ. ಟಪಾಲು ಸಾಗಬೇಕಂತೆ! ಡೆಬ್ಸ್ ಜೈಲು ಸೇರಿದರು.

ಬಂಡಿ ಮಾಡುವ ಕಂಪೆನಿಗೆ ಊರಿನ ಒಡೆತನ ಸಲ್ಲದೆಂದು ಇಲಿನಾಯ್ ಸುಪ್ರೀಂ ಕೋರ್ಟು 1898ರಲ್ಲಿ ತೀರ್ಪಿತ್ತಿತು. ಹಿಂದಿನ ವರ್ಷವೇ ಪುಲ್‌ಮನ್ ಸತ್ತಿದ್ದ. ಕೂಲಿಗಳು ಅಗೆದಾರೆಂಬ ಭಯದಿಂದ ಹೆಣವನ್ನು ಕಾಂಕ್ರೀಟಿನಡಿ ಹೂತಿದ್ದರು.