ಮರೆವು ನನ್ನದು, ತಪ್ಪು ನಿಯಮದ್ದು



ನನ್ನ ಪಿಂಚಣಿ ಬರುವ ಬ್ಯಾಂಕು ಪಾಸ್‌ವರ್ಡ್ ಎಂಬ ಗುಪ್ತಪದವನ್ನು ಮೂರು ತಿಂಗಳಿಗೊಮ್ಮೆ ಬದಲಿಸೆಂದು ಆಜ್ಞಾಪಿಸುತ್ತದೆ. ಕಳೆದ ವಾರ ಹೊಸದನ್ನು ಮರೆತೆ. ಖಾತೆಗೆ ಬೀಗ ಬಿತ್ತು. ಶಾಖೆಯ ಯುವಕನು "ವಯಸ್ಸಾಯಿತಲ್ಲ ಸಾರ್, ಮರೆವು ಸಹಜ" ಎಂದು ನಕ್ಕನು. ಮರೆವು ನನ್ನದೇ ಇರಬಹುದು, ತಪ್ಪು ನಿಯಮದ್ದು.

ಅಕ್ಷರ, ಅಂಕಿ, ಚಿಹ್ನೆಗಳನ್ನು ಬೆರೆಸಿರಿ, ಆಗಾಗ ಬದಲಿಸಿರಿ ಎಂಬ ಪದ್ಧತಿ ವ್ಯಾಪಕವಾಗಿ ಹರಡಲು ಅಮೆರಿಕದ ಮಾನಕ ಸಂಸ್ಥೆ 'ನಿಸ್ಟ್'ನ ಬಿಲ್ ಬರ್ 2003ರಲ್ಲಿ ಬರೆದ ಮಾರ್ಗಸೂಚಿ ಕಾರಣವಾಯಿತು. 2017ರಲ್ಲಿ ಅವರೇ ಅದಕ್ಕಾಗಿ ವಿಷಾದಿಸಿದರು. ಅದೇ ವರ್ಷ ನಿಸ್ಟ್ ಕೂಡ, ಕಾರಣವಿಲ್ಲದೆ ಬದಲಾವಣೆಗೆ ಒತ್ತಾಯಿಸಬಾರದೆಂದು ತಿದ್ದಿಕೊಂಡಿತು. ಗುರುವೇ ತಪ್ಪೊಪ್ಪಿಕೊಂಡ ಮೇಲೂ ಶಿಷ್ಯರು ಹಳೆಯ ಪಾಠವನ್ನೇ ಉರು ಹೊಡೆಯುತ್ತಿದ್ದಾರೆ!

ಒತ್ತಾಯಿಸಿದರೆ ಮನುಷ್ಯನು ಮಾಡುವುದೇನು? ಕೊನೆಯ 1 ಅನ್ನು 2 ಮಾಡುತ್ತಾನೆ. ಅಷ್ಟು ಲೆಕ್ಕ ಕಳ್ಳನಿಗೂ ಬರುತ್ತದೆ.

ನಿಮ್ಮಲ್ಲಿ ಅನೇಕರು ಇಂದು ಇಂತಹ ವ್ಯವಸ್ಥೆಗಳನ್ನು ಕಟ್ಟುವವರು. ಈ ನಿಯಮವನ್ನು ಕಿತ್ತೊಗೆಯಿರಿ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದನೆಯ ಗುಪ್ತಪದಕ್ಕೆ ಅವಕಾಶ ಕೊಡಿರಿ. ಸೋರಿಕೆಯ ಸುಳಿವು ದೊರೆತಾಗ ಮಾತ್ರ ಬದಲಿಸಲು ಹೇಳಿರಿ. ಮನೆಯ ಹಿರಿಯರಿಗೆ ಒಂದೊಂದು ಖಾತೆಗೂ ಬೇರೆಬೇರೆ ಗುಪ್ತಪದ ಇಟ್ಟುಕೊಡಿರಿ. ಅವರು ಅದನ್ನು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಟ್ಟರೆ ಗದರಬೇಡಿರಿ. ಎಲ್ಲೋ ಕುಳಿತ ಕಳ್ಳನ ಕೈ ಬೀರುವಿಗೆ ಎಟುಕದು. ಒಟಿಪಿಯನ್ನು ಮಾತ್ರ ಯಾರಿಗೂ ಹೇಳಬಾರದೆಂದು ಕಲಿಸಿರಿ.

ಪಾಠ ಮರೆತವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಆದರೆ ಪಾಠವೇ ತಪ್ಪಾಗಿದ್ದರೆ ಬೆಂಚು ಹತ್ತಬೇಕಾದವನು ಮೇಷ್ಟ್ರು.