ಹೊಸ ಪೆಟ್ಟಿಗೆಯೊಳಗಿನ ಹಳೆಯ ವಾಲ್ವು

ನಮ್ಮ ಧರ್ಮಕೇಂದ್ರದ ಗಾಯನವೃಂದಕ್ಕೆ ಇತ್ತೀಚೆಗೆ ಒಂದು ಹೊಸ ಪೆಟ್ಟಿಗೆ ಬಂದಿತು. ಗಿಟಾರ್ ನುಡಿಸುವ ತರುಣನ ಸೋದರಮಾವನವರು ಕೊಲ್ಲಿ ನಾಡಿನಿಂದ ರಜೆಯಲ್ಲಿ ಊರಿಗೆ ಬರುವಾಗ, ವಿಮಾನದಲ್ಲಿ ಅನುಮತಿಸುವ ತೂಕದ ಬಹುಪಾಲನ್ನು ಇದೊಂದಕ್ಕೇ ವಿನಿಯೋಗಿಸಿ ತಂದ ಗಿಟಾರ್ ಆಂಪ್ಲಿಫೈಯರ್ ಅದು. ಒಂದು ತಿಂಗಳು ಉಪಯೋಗಿಸಿ ನೋಡಬೇಕು; ಒಪ್ಪಿಗೆಯಾದರೆ ಗಾಯನವೃಂದದವರು ಕ್ರಿಸ್ಮಸ್ ಕಾಲದಲ್ಲಿ ಮನೆಮನೆಗೆ ಹೋಗಿ ಹಾಡಿ ಕೂಡಿಸಿದ ನಿಧಿಯಿಂದ ಹಣ ಸಲ್ಲಿಸಬೇಕು; ಇಲ್ಲವಾದರೆ ಅವರು ಬೇರೆ ಗಿರಾಕಿಯನ್ನು ಹುಡುಕಿಕೊಳ್ಳುವರು. ಇದು ಕರಾರು. ಆ ನಿಧಿಯಲ್ಲಿ ಬೀಡಿ ಕಟ್ಟುವ ತಾಯಂದಿರು ಕೊಟ್ಟ ಹತ್ತು ರೂಪಾಯಿಗಳೂ ಸೇರಿರುವುದರಿಂದ ವಿಷಯ ಪಾಲನಾ ಪರಿಷತ್ತಿನ ಮುಂದೆ ಬಂತು. ಅಲ್ಲಿ ಹಿರಿಯರೊಬ್ಬರ ಪ್ರಶ್ನೆ ನೇರವಾಗಿತ್ತು: "ಅಂಗೈಯಗಲದ ಯಂತ್ರವೇ ಇಡೀ ವಾದ್ಯಮೇಳವನ್ನು ನುಡಿಸುವ ಈ ಕಾಲದಲ್ಲಿ ಅಜ್ಜನ ರೇಡಿಯೋದ ವಾಲ್ವನ್ನು ಹೊತ್ತು ತರುವುದೇಕೆ, ಫಾದರ್?"

ಪ್ರಶ್ನೆ ನ್ಯಾಯವಾದುದೇ. ಆದರೆ ಇದಕ್ಕೆ ಉತ್ತರವನ್ನು ಕಿವಿಯಿಂದ ಕೇಳಿಯೇ ಹೇಳಬೇಕು, ಊಹಿಸಿ ಅಲ್ಲ ಎಂದು ನಾವು ಪಟ್ಟು ಹಿಡಿದೆವು. ಹಾಗೆ ಪಟ್ಟು ಹಿಡಿಯಲು ನಮ್ಮದೇ ಆದ ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಹಬ್ಬದ ಬಲಿಪೂಜೆಯ ಅಭ್ಯಾಸದ ವೇಳೆಯಲ್ಲಿ ಗಿಟಾರಿನ ಸದ್ದು ಕರ್ಕಶವೆನಿಸಿ, ಒಂದು ಮಾತನ್ನೂ ಆಡದೆ ನಾವೇ ಹೋಗಿ ಪ್ಲಗ್ಗನ್ನು ಕಿತ್ತಿದ್ದೆವು. ಆ ಹುಡುಗ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೊರಟವನು ಮತ್ತೆ ಗಾಯನವೃಂದಕ್ಕೆ ಬರಲಿಲ್ಲ. ಸದ್ದು ಹೆಚ್ಚಾಗಿತ್ತೆಂಬುದು ನಿಜ. ಅದನ್ನು ತಗ್ಗಿಸಿಕೊಳ್ಳಲು ಹೇಳಬಹುದಾಗಿತ್ತೆಂಬುದೂ ಅಷ್ಟೇ ನಿಜ.

ವಾಲ್ವೆಂದರೇನು ಎಂಬುದನ್ನು ಎಳೆಯರಿಗಾಗಿ ಒಂದಿಷ್ಟು ವಿವರಿಸಬೇಕು. ಅರುವತ್ತು ದಾಟಿದ ವಾಚಕರಿಗೆ ವಾಲ್ವ್ ರೇಡಿಯೋದ ನೆನಪಿದ್ದೀತು. ಗುಂಡಿ ತಿರುಗಿಸಿದೊಡನೆ ದೀಪ ಹತ್ತುತ್ತಿತ್ತು. ವಾರ್ತೆ ಮಾತ್ರ ಅರ್ಧ ನಿಮಿಷ ತಡೆದು, ದೂರದಿಂದ ನಡೆದು ಬಂದಂತೆ ಕೇಳಿಸುತ್ತಿತ್ತು. ಆ ಅರ್ಧ ನಿಮಿಷ ವಾಲ್ವು ಕಾಯುವುದಕ್ಕೆ ಬೇಕಾದ ಸಮಯ. ಗಾಳಿಯನ್ನು ಹೊರತೆಗೆದ ಗಾಜಿನ ನಳಿಕೆಯೊಳಗೆ ತಂತುವೊಂದು ಕೆಂಪಗೆ ಕಾಯುತ್ತದೆ. ಆ ಶಾಖದಿಂದ ಅದರ ಸುತ್ತಲಿನ ಲೋಹದ ಕೊಳವೆಯಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ತಗಡಿನತ್ತ ಧಾವಿಸುತ್ತವೆ. ನಡುವೆ ಒಂದು ಜಾಲರಿ. ಗಿಟಾರಿನಿಂದ ಬರುವ ಕ್ಷೀಣವಾದ ವಿದ್ಯುತ್ತು ಆ ಜಾಲರಿಯನ್ನು ತಲುಪಿ ಇಡೀ ಪ್ರವಾಹವನ್ನು ಏರಿಸುತ್ತದೆ, ಇಳಿಸುತ್ತದೆ. ತೂಬಿನ ಬಾಗಿಲನ್ನು ಬಾಲಕನೊಬ್ಬ ಅಲುಗಿಸಿದರೂ ಕಾಲುವೆಯ ನೀರೆಲ್ಲ ಅವನ ಕೈಯನ್ನು ಅನುಸರಿಸುವ ಹಾಗೆ. ಎರಡು ಧ್ರುವಗಳ ವಾಲ್ವನ್ನು 1904ರಲ್ಲಿ ರಚಿಸಿದವರು ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್. 1906ರ ಸುಮಾರಿಗೆ ಅದಕ್ಕೆ ಮೂರನೆಯ ಧ್ರುವವನ್ನು ಸೇರಿಸಿದವರು ಅಮೆರಿಕದ ಲೀ ಡಿ ಫಾರೆಸ್ಟ್. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ವಾಲ್ವಿನ ಕಾಲ ಮೆಲ್ಲನೆ ಮುಗಿಯುತ್ತ ಬಂತು. ನಮ್ಮ ರಾಜ್ಯದಲ್ಲಿಯೂ, ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿ, ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಹೋಗುವವನೂ ಬರುವವನೂ ಒಂದೇ ಹೊಸ್ತಿಲಲ್ಲಿ ಎದುರಾದಂತೆ.

ಹಾಗಿದ್ದೂ ಗಿಟಾರ್ ವಾದಕರು ಮಾತ್ರ ವಾಲ್ವನ್ನು ಬಿಡಲಿಲ್ಲ. ಇದರ ಹಿಂದಿರುವ ಕತೆ ಸ್ವಾರಸ್ಯವಾದುದು. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿ ಮಾಡುತ್ತಿದ್ದ ಲಿಯೋ ಫೆಂಡರರು, ತಾವು ಗಿಟಾರ್ ನುಡಿಸಲು ಕಲಿಯದವರಾದರೂ, ಗಿಟಾರಿಗಾಗಿ ಹೆಸರಾಂತ ಆಂಪ್ಲಿಫೈಯರುಗಳನ್ನು ನಿರ್ಮಿಸಿದರು. ಲಂಡನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯದಂಗಡಿಯಿಟ್ಟಿದ್ದ ಡ್ರಮ್ ವಾದಕ ಜಿಮ್ ಮಾರ್ಷಲರು 1962ರಲ್ಲಿ ಫೆಂಡರರ ಬಾಸ್‌ಮನ್ ಮಾದರಿಯನ್ನು ಅನುಸರಿಸಿ ತಮ್ಮ ಮೊದಲ ಯಂತ್ರವನ್ನು ಹೊರತಂದರು. ಧ್ವನಿ ಒಡೆಯದೆ ಶುದ್ಧವಾಗಿ ಹೊರಬರಬೇಕೆಂಬುದು ಆ ಕಾಲದ ಯಂತ್ರಶಿಲ್ಪಿಗಳ ಅಪೇಕ್ಷೆಯಾಗಿತ್ತು. ವಾದಕರೋ ಗುಂಡಿಯನ್ನು ಮಿತಿಮೀರಿ ತಿರುಗಿಸಿದರು. ಹಾಗೆ ಸಾಮರ್ಥ್ಯವನ್ನು ಮೀರಿದಾಗ ಧ್ವನಿಯ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಸಾಧಾರಣ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಇದು ಕತ್ತಿಯಿಂದ ಕಡಿದಂತೆ ಥಟ್ಟನೆ ಆಗುವುದು. ವಾಲ್ವಿನಲ್ಲಿ ಸವೆದ ಕಲ್ಲಿನಂತೆ ಕ್ರಮೇಣ. ಮೂಲಸ್ವರದೊಂದಿಗೆ ಅದರ ಉಪಸ್ವರಗಳು ಕೂಡಿಕೊಂಡು ನಾದ ದಪ್ಪವಾಗುತ್ತದೆ. ಯಂತ್ರದ ದೋಷವೇ ವಾದ್ಯದ ಗುಣವಾಯಿತೆನ್ನಬೇಕು. ಅದೇ ದೋಷವನ್ನು ನಕಲು ಮಾಡಲು ಇಂದು ಗಣಕಯಂತ್ರದ ತಂತ್ರಜ್ಞರು ಹೆಣಗುತ್ತಿರುವುದನ್ನು ಕಂಡರೆ ನಗು ಬರುತ್ತದೆ. ನಕಲು ಚೆನ್ನಾಗಿಯೇ ಆಗಿದೆ, ಧ್ವನಿಮುದ್ರಣದಲ್ಲಿ ಕೇಳಿದರೆ ನಮ್ಮಂಥವರಿಗೆ ಯಾವುದು ಯಾವುದೆಂದು ತಿಳಿಯದು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪರೀಕ್ಷೆ ಮೊದಲು ನಡೆದುದು ಸಭಾಭವನದಲ್ಲಿ. ಪೆಟ್ಟಿಗೆಯ ಶಕ್ತಿ 15 ವಾಟ್. ಮುಂಭಾಗದಲ್ಲಿ 12 ಇಂಚಿನ ಸ್ಪೀಕರು. ಹಿಂಬದಿಯ ಜಾಲರಿಯೊಳಗೆ ಇಣುಕಿದರೆ ಇಎಲ್ 84 ಎಂಬ ಎರಡು ವಾಲ್ವುಗಳೂ ಅವುಗಳ ಪಕ್ಕದಲ್ಲಿ ಚಿಕ್ಕವು ಒಂದೆರಡೂ ಕಾಣುತ್ತಿದ್ದವು. ಸ್ವಿಚ್ಚು ಹಾಕಿದಾಗ ಮೊದಲು ಕೇಳಿದ್ದು ಸಂಗೀತವಲ್ಲ, ಜೇನುಗೂಡಿನ ಗುಂಯ್‌ಗುಡುವಿಕೆ. ತರುಣನ ಮುಖ ಬಾಡಿತು. ಪುಣ್ಯಕ್ಕೆ ಅಲ್ಲಿದ್ದ ವಿದ್ಯುತ್ ಕೆಲಸದವರು ಗೋಡೆಯ ಮೂರನೆಯ ರಂಧ್ರಕ್ಕೆ ಭೂಸಂಪರ್ಕವೇ ಇಲ್ಲದಿರುವುದನ್ನು ಪತ್ತೆ ಹಚ್ಚಿದರು. ನಮ್ಮ ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲ. ಗಿಟಾರಿನ ತಂತಿಗಳು ಯಂತ್ರದ ಮೂಲಕ ಭೂಮಿಗೆ ಜೋಡಿಸಲ್ಪಟ್ಟಿರುತ್ತವೆ. ಆ ದಾರಿ ತುಂಡಾಗಿದ್ದು, ತಂತಿ ಹಿಡಿದವನು ಮೈಕಿಗೆ ತುಟಿ ತಾಗಿಸಿದರೆ ಪ್ರಾಣಕ್ಕೇ ಅಪಾಯ. ಗಾಯನವೃಂದವಿರುವ ಎಲ್ಲ ಧರ್ಮಕೇಂದ್ರಗಳವರೂ ಆಂಪ್ಲಿಫೈಯರು ಯಾವುದೇ ಇರಲಿ, ಮೊದಲು ಇದನ್ನು ಪರಿಶೀಲಿಸಿಕೊಳ್ಳುವುದು ಉಚಿತ. ಇನ್ನೊಂದು ಮಾತು: ಅಮೆರಿಕದಿಂದ ತಂದ ಯಂತ್ರವಾಗಿದ್ದರೆ ಅದು 120 ವೋಲ್ಟಿನದಿರಬಹುದು, ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಕ್ಷಣದಲ್ಲೇ ಪರೀಕ್ಷೆ ಮುಗಿಯುವುದು. ಇನ್ನು ಪೆಟ್ಟಿಗೆಯ ಒಳಭಾಗಕ್ಕೆ ಕೈ ಹಾಕುವ ಕುತೂಹಲ ಸಲ್ಲದು. ವಾಲ್ವಿನ ತಗಡಿಗೆ 300 ವೋಲ್ಟಿನಷ್ಟು ಒತ್ತಡವಿರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಅದು ಕೆಲಕಾಲ ಒಳಗೇ ನಿಂತಿರಬಹುದು.

ಭೂಸಂಪರ್ಕ ಸರಿಯಾದ ಮೇಲೆ ಅವನು ನುಡಿಸಿದ. ವಾಚಕರೇ, ಆ ಅರ್ಧ ಗಂಟೆಯನ್ನು ಹೇಗೆ ವರ್ಣಿಸೋಣ? ಗುಂಡಿಯನ್ನು ಅವನು ಮಧ್ಯಕ್ಕೆ ಒಯ್ದಿದ್ದ. ಬೆರಳ ತುದಿಯಿಂದ ಸವರಿದರೆ ಗಂಟೆಯಂತೆ ನಿರ್ಮಲ ನಾದ. ಅದೇ ತಂತಿಯನ್ನು ತುಸು ಬಲವಾಗಿ ಮೀಟಿದರೆ ಧ್ವನಿಯ ಅಂಚು ಒರಟಾಗಿ, ಅಳುವವನ ಗಂಟಲಿನಂತೆ ಒಡೆಯುತ್ತಿತ್ತು. ನಡುವೆ ಅವನು ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಕೈಯ ಭಾರವೊಂದೇ ಬದಲಾಗುತ್ತಿತ್ತು. ಅನಂತರ ಅವನ ಒತ್ತಾಯಕ್ಕೆ ನಾವೂ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆವು. ಗುರುಮಠದಲ್ಲಿ ಕಲಿತ ಮೂರು ನಾಲ್ಕು ಸ್ವರಮೇಳಗಳು ಬೆರಳಿಗೆ ಇನ್ನೂ ನೆನಪಿದ್ದವು. ನೆನಪಿಲ್ಲದ ಒಂದು ಬೆರಳು ಪಕ್ಕದ ತಂತಿಯನ್ನು ತಾಗಿದ್ದೇ ತಡ, ಪೆಟ್ಟಿಗೆ ಅದನ್ನು ಇಡೀ ಸಭಾಭವನಕ್ಕೆ ಸಾರಿತು. ನಮ್ಮ ತಪ್ಪನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದವರು ಇತ್ತೀಚೆಗೆ ಯಾರೂ ಇರಲಿಲ್ಲ! ಹುಡುಗರು ನಕ್ಕರು, ನಾವೂ ನಕ್ಕೆವು. ಬೆಲೆಯ ಪಟ್ಟಿಯಲ್ಲಾಗಲಿ ಪರಿಷತ್ತಿನ ಚರ್ಚೆಯಲ್ಲಾಗಲಿ ಈ ಗುಣ ಕಾಣಿಸುವಂಥದ್ದಲ್ಲ. ಕಲಿಯುವವನಿಗೆ ಇಂಥ ಯಂತ್ರ ಒಬ್ಬ ಉಪಾಧ್ಯಾಯನಿದ್ದಂತೆ ಎಂಬ ಅಭಿಪ್ರಾಯ ನಮಗೆ ಅಂದೇ ಬಂತು.

ಆದರೆ ನಿಧಿ ಕೂಡಿಸಿದ್ದು ದೇವಾಲಯದ ಗಾಯನಕ್ಕಾಗಿ. ಆದುದರಿಂದ ಮುಂದಿನ ಶನಿವಾರ ಪೆಟ್ಟಿಗೆಯನ್ನು ಇಗರ್ಜಿಯೊಳಕ್ಕೆ ತಂದೆವು. ಪೂಜಾವಿಧಿಯಲ್ಲಿ ಗಿಟಾರಿಗೆ ಎಡೆಯಿದೆಯೇ ಎಂಬ ಹಳೆಯ ವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿಯ ದಸ್ತಾವೇಜು, ಪೈಪ್ ಆರ್ಗನ್ನಿಗೆ ಹೆಚ್ಚಿನ ಗೌರವ ಕೊಟ್ಟು, ಅಧಿಕಾರವುಳ್ಳವರು ಒಪ್ಪಿದರೆ ಪವಿತ್ರ ಕಾರ್ಯಕ್ಕೆ ತಕ್ಕುದಾದ ಬೇರೆ ವಾದ್ಯಗಳಿಗೂ ಬಾಗಿಲು ತೆರೆದಿದೆ. ತಕ್ಕುದೇ ಎಂಬುದಷ್ಟೇ ಪ್ರಶ್ನೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಅಕ್ವಿನಾಸರ ಅನುಯಾಯಿಗಳಾದ ನಮ್ಮ ಗುರುಗಳು, ಯಾವುದೇ ವಸ್ತು ತನ್ನನ್ನು ಸ್ವೀಕರಿಸುವವನ ಪಾತ್ರೆಯ ಆಕಾರವನ್ನೇ ತಾಳುವುದೆಂದು ಕಲಿಸುತ್ತಿದ್ದರು. ಅದರ ಅರ್ಥ ನಮಗೆ ಪೂರ್ತಿಯಾಗಿ ತಿಳಿದುದು ಆ ಸಂಜೆ. ಸಭಾಭವನದಲ್ಲಿ ಮನ ಕರಗಿಸಿದ ನಾದ, ಎತ್ತರದ ಮಾಡು, ಕಲ್ಲಿನ ಗೋಡೆ, ಹಾಸುಗಲ್ಲಿನ ನೆಲಗಳ ನಡುವೆ ಒಂದು ಮೋಡವಾಯಿತು. ಒಂದು ಸ್ವರ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು.

ಮೊದಲು ಸ್ಥಳ ಬದಲಿಸಿದೆವು. ನೆಲದ ಮೇಲಿಟ್ಟ ಪೆಟ್ಟಿಗೆ ವಾದಕನ ಮೊಣಕಾಲಿಗೆ ಹಾಡುತ್ತದೆ. ತೀಕ್ಷ್ಣ ಸ್ವರಗಳು ಸ್ಪೀಕರಿನಿಂದ ನೇರವಾಗಿ ಚಿಮ್ಮುವುದರಿಂದ ಅವನಿಗೆ ಕೇಳಿಸದ್ದು ಮೂರನೆಯ ಸಾಲಿನವರ ಕಿವಿಗೆ ಈಟಿಯಂತೆ ತಾಗುತ್ತದೆ. ಕೇಳಿಸಲಿಲ್ಲವೆಂದು ಅವನು ಮತ್ತೂ ಏರಿಸುತ್ತಾನೆ. ಇಪ್ಪತ್ತು ವರ್ಷಗಳ ಹಿಂದಿನ ಆ ಹುಡುಗನ ಅಪರಾಧವೂ ಬಹುಶಃ ಇಷ್ಟೇ ಇದ್ದಿರಬೇಕು. ಪೆಟ್ಟಿಗೆಯನ್ನು ಕುರ್ಚಿಯ ಮೇಲೆ ಅವನ ಕಿವಿಯತ್ತ ತಿರುಗಿಸಿಟ್ಟು, ಗುಂಡಿಯನ್ನು ಎರಡಕ್ಕೆ ಇಳಿಸಿದಾಗ ಬಹಳಷ್ಟು ಸುಧಾರಿಸಿತು. ಆದರೆ ಎರಡರಲ್ಲಿ ವಾಲ್ವು ತನ್ನ ಮಾತನ್ನೇ ಆಡುವುದಿಲ್ಲ. ಅದರ ಗುಣ ತೋರಬೇಕಾದರೆ ಐದಾದರೂ ಬೇಕು. ಐದರಲ್ಲಿ ಕಿಟಕಿಯ ಗಾಜು ನಡುಗುತ್ತದೆ. 15ರ ಬದಲು 5 ವಾಟಿನದನ್ನು ತರಬಹುದಿತ್ತಲ್ಲ ಎಂದು ಕೆಲವರು ಸೂಚಿಸಿದರು. ಕಿವಿಯ ಲೆಕ್ಕ ಬೇರೆಯೇ ಇದೆ. ಸದ್ದು ಅರ್ಧವಾಯಿತೆಂದು ಅನಿಸಬೇಕಾದರೆ ಶಕ್ತಿ ಹತ್ತರಲ್ಲಿ ಒಂದಕ್ಕೆ, ಅಂದರೆ ಒಂದೂವರೆ ವಾಟಿಗೆ ಇಳಿಯಬೇಕು.

ಗಾಯನವೃಂದ ಹಾಡಿತು. ಮುಂದಿನ ಸಾಲಿನಲ್ಲಿ ಜಪಸರ ಹಿಡಿದು ಕುಳಿತಿದ್ದ ಅಜ್ಜಿಯೊಬ್ಬರು ಮೊದಲ ಚರಣವನ್ನು ಜೊತೆಗೂಡಿ ಹಾಡಿ ಆಮೇಲೆ ಸುಮ್ಮನಾದರು. ಹಾಡು ಹಿಡಿಸಲಿಲ್ಲವೇ ಎಂದು ಕೇಳಿದೆವು. "ಹಾಡು ಒಳ್ಳೆಯದುಂಟು ಫಾದರ್, ನನಗೆ ಹಾಡಲಿಕ್ಕೆ ಜಾಗ ಇಲ್ಲ" ಎಂದರು. ತರುಣ ಅದನ್ನು ಕೇಳಿಸಿಕೊಂಡ. ಇನ್ನೆರಡು ಹಾಡುಗಳಾದ ಮೇಲೆ ನಾವು ಬಾಯಿ ತೆರೆಯುವ ಮೊದಲೇ, "ಇದು ಇಲ್ಲಿಗೆ ಹೊಂದುವುದಿಲ್ಲ ಫಾದರ್" ಎಂದು ಅವನೇ ಸ್ವಿಚ್ಚು ಆರಿಸಿದ. ಕಾದ ವಾಲ್ವುಗಳನ್ನು ಅಲುಗಿಸಬಾರದೆಂದು ತಣಿಯುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಅವನು ಹೆಚ್ಚು ಮಾತಾಡಲಿಲ್ಲ.

ಪರಿಷತ್ತಿನ ಮುಂದೆ ನಾವು ಇಟ್ಟ ಅಭಿಪ್ರಾಯ ಹೀಗಿದೆ. ಗಾಯನವೃಂದದ ನಿಧಿಯಿಂದ ಇದನ್ನು ಕೊಳ್ಳತಕ್ಕದ್ದಲ್ಲ. ದೇವಾಲಯದಲ್ಲಿ ಬಳಕೆಗೇ ಬಾರದ ಗುಣಕ್ಕೆ ಬಡವರ ಹಣ ತೆರುವುದು ನ್ಯಾಯವಲ್ಲ. ಹಾಗೆಂದ ಮಾತ್ರಕ್ಕೆ ಪೆಟ್ಟಿಗೆಯನ್ನು ಹಿಂದೆ ಕಳುಹಿಸುವುದೂ ಸರಿಯಲ್ಲ. ಸಭಾಭವನದ ಬಾಡಿಗೆಯಿಂದ ಯುವಜನರಿಗೆಂದು ತೆಗೆದಿಟ್ಟ ಹಣವುಂಟು. ನಾಟಕಕ್ಕೆ, ವಾರ್ಷಿಕೋತ್ಸವಕ್ಕೆ, ಎಲ್ಲಕ್ಕಿಂತ ಮಿಗಿಲಾಗಿ ಸಂಜೆಯ ಕಲಿಕೆಗೆ ಇದು ಅಲ್ಲಿರಲಿ. ವಾಲ್ವು ಸವೆದರೆ ಗತಿಯೇನೆಂದು ಖಜಾಂಚಿಯವರು ಕೇಳಿದರು. ಇಂದು ಅವು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರಬೇಕು. 2022ರಲ್ಲಿ ಯುದ್ಧ ಆರಂಭವಾದಾಗ ರಷ್ಯಾದ ರಫ್ತು ನಿಂತೀತೆಂಬ ಸುದ್ದಿಗೇ ಅಭಾವ ತಲೆದೋರಿ ಬೆಲೆ ಏರಿತ್ತು. ಆದುದರಿಂದ ಒಂದು ಜೊತೆ ಹೆಚ್ಚುವರಿಯಾಗಿ ತರಿಸಿಡುವುದು ಲೇಸು ಎಂದೆವು. ನಿರ್ಣಯ ಇನ್ನೂ ಆಗಿಲ್ಲ. ಪ್ರಶ್ನೆ ಕೇಳಿದ ಹಿರಿಯರು ಒಂದು ಸಂಜೆ ಸಭಾಭವನಕ್ಕೆ ಬಂದು ಕೇಳುತ್ತೇನೆಂದಿದ್ದಾರೆ.

ಮರುದಿನದ ಬಲಿಪೂಜೆಗೆ ತರುಣ ತನ್ನ ಹಳೆಯ ಮರದ ಗಿಟಾರನ್ನೇ ತಂದ, ತಂತಿಯೂ ಇಲ್ಲ, ಪ್ಲಗ್ಗೂ ಇಲ್ಲ. ಹಿಂದಿನ ಸಾಲುಗಳಿಗೆ ಅದು ಸರಿಯಾಗಿ ಕೇಳಿಸಲಿಲ್ಲವೆಂದು ಅನಂತರ ದೂರು ಬಂತು. ಅಜ್ಜಿಯ ಹಾಡು ಮಾತ್ರ ಪೀಠದವರೆಗೂ ಕೇಳಿಸುತ್ತಿತ್ತು, ಶ್ರುತಿ ತುಸು ಇಳಿದಿತ್ತಾದರೂ.