ಹರಿಗೋಲು, ಗಾಳ ಮತ್ತು ಬಿಳಿಮೀನು

ದೋಣಿಯನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು ಮೀನು ಬೇಟೆಗೆ ಹೋಗುವುದೆಂದರೆ ಬೆಳುಗುಪ್ಪದಂತಹ ಬರದ ಸೀಮೆಯವರಾದ ನಮಗೆ ದೂರದ ಮಾತೆಂದು ತೋರುವುದು ಸಹಜ. ಕೆರಿಬಿಯನ್ ದ್ವೀಪಗಳಲ್ಲಿ ಅದು ರಜೆಯ ವಿಹಾರದ ಒಂದು ಅಂಗ. ಪ್ರವಾಸಿಗರು ನಾವಿಕನ ಸಹಿತ ದೋಣಿಯನ್ನು ಅರ್ಧ ದಿನಕ್ಕೋ ಪೂರ್ಣ ದಿನಕ್ಕೋ ಹಿಡಿದು, ಮಾರ್ಲಿನ್ ಎಂಬ ಭಾರಿ ಮೀನನ್ನು ಅರಸುತ್ತ ಆಳ ಕಡಲಿಗೆ ಹೋಗುತ್ತಾರೆ. ಇಂತಹುದೇ ವಿನೋದವು ನಮ್ಮ ಕಾವೇರಿಯಲ್ಲಿಯೂ ಇದ್ದು ನಿಂತುಹೋದ ವೃತ್ತಾಂತವನ್ನು ವಾಚಕರು ಅರಿಯುವುದು ಒಳ್ಳೆಯದು.

ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳ ಮಡುಗಳಲ್ಲಿ ಗಾಳಗಾರರು ಹರಿಗೋಲು ಹತ್ತಿ ಮಹಸೀರ್ ಮೀನಿಗಾಗಿ ಕಾಯುತ್ತಿದ್ದರು. ಆ ಸೀಮೆಯವರು ಅದನ್ನು ಬಿಳಿಮೀನು ಎನ್ನುತ್ತಾರೆ. ಗಾಳಕ್ಕೆ ಸಿಕ್ಕಿಸುತ್ತಿದ್ದುದು ಬೇರೇನೂ ಅಲ್ಲ, ನಾವು ದಿನವೂ ಉಣ್ಣುವ ರಾಗಿಯ ಮುದ್ದೆ! 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತ್ತು.

ಮುಂದೆ ಈ ಆಟಕ್ಕೆ ಒಂದು ಕಟ್ಟಳೆ ಬಂದಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಸಹಿತ ನೀರಿಗೆ ಬಿಡಬೇಕು. ಹಿಂದೆ ಸಿಡಿಮದ್ದಿನಿಂದ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಹರಿಗೋಲು ನಡೆಸುವವರೂ ನದಿಯ ಕಾವಲುಗಾರರೂ ಆದರು. 1987ರಲ್ಲಿ ಅಲ್ಲಿ ಕಾವೇರಿ ವನ್ಯಧಾಮ ಘೋಷಿತವಾಯಿತು. ವನ್ಯಜೀವಿ ಕಾಯಿದೆಗೆ ಇದು ಹೊಂದದೆಂದು 2012ರ ಹೊತ್ತಿಗೆ ಗಾಳದ ಆಟವು ಅಲ್ಲಿ ನಿಂತುಹೋಯಿತು.

ಡುಬ್ಬಬೆನ್ನಿನ ಈ ಮಹಸೀರಿಗೆ ಬಹುಕಾಲ ಸರಿಯಾದ ಶಾಸ್ತ್ರೀಯ ನಾಮವೇ ಇರಲಿಲ್ಲ. ಕೇರಳದ ಪಾಂಬಾರಿನಲ್ಲಿ ದೊರೆತ 'ಟಾರ್ ರೆಮಾದೇವಿ'ಯೂ ಇದೂ ಒಂದೇ ಎಂದು 2018ರಲ್ಲಿ ನಿಶ್ಚಯವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಮೇಕೆದಾಟಿನ ಕೆಳಗೆ ಕಾವೇರಿಯೇ ಕರ್ನಾಟಕ ತಮಿಳುನಾಡುಗಳ ಎಲ್ಲೆ. ಒಂದು ದಡದಲ್ಲಿ ಸಿಡಿದ ಮದ್ದು ಎರಡು ರಾಜ್ಯಗಳ ಮೀನನ್ನೂ ಕೊಲ್ಲುತ್ತದೆ. ಎಲ್ಲೆಯ ಗೆರೆ ಬದುಕನ್ನು ಬೇರ್ಪಡಿಸಲಾರದೆಂಬುದನ್ನು ಗಡಿಯಾಚೆಯ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿನೋದಕ್ಕಾಗಿ ಮೂಕಜೀವಿಯ ಬಾಯಿಗೆ ಗಾಳ ಹಾಕುವುದು ಹಿಂಸೆಯೇ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಆಟವನ್ನು ನಿಲ್ಲಿಸಿದವರು ಆ ಕಾವಲುಗಾರರ ಕೂಳಿಗೂ ದಾರಿ ತೋರಬೇಕಾಗಿತ್ತು. ಕಾಯುವವನಿಲ್ಲದ ಹೊಲದಲ್ಲಿ ಕಡಲೆಕಾಯಿ ಉಳಿದೀತೆ? ಮಡುವಿನ ಮೀನಿನ ಪಾಡೂ ಅದೇ.

ಈಗ ಕೃಷ್ಣೆಯ ನೀರು ಹಂದ್ರಿ–ನೀವಾ ಕಾಲುವೆಯ ಮೂಲಕ ನಮ್ಮ ಜೀಡಿಪಲ್ಲಿ ಜಲಾಶಯಕ್ಕೂ ಬಂದಿದೆ. ರಜೆಯಲ್ಲಿ ಮಲ್ಪೆ, ಕಾರವಾರಗಳ ಕಡಲಿಗೆ ಹೋಗುವ ಕುಟುಂಬಗಳೂ ಉಂಟು. ನೀರಿನ ಒಡನಾಟ ಕಡಿಮೆಯಾದ ನಮ್ಮವರು ಎರಡು ಮಾತು ನೆನಪಿಡಲಿ. ಎಲ್ಲರಿಗೂ, ಮುಖ್ಯವಾಗಿ ಮಕ್ಕಳಿಗೆ, ತೇಲುವ ಅಂಗಿ ತೊಡಿಸದ ದೋಣಿಯನ್ನು ಹತ್ತಬಾರದು. ಗಾಳಿ ಎದ್ದಿದೆ, ಇಂದು ಬೇಡ ಎಂದು ಅಂಬಿಗನು ಹೇಳಿದರೆ, ಹೆಚ್ಚು ಹಣದ ಆಸೆ ತೋರಿಸಿ ಅವನನ್ನು ಹೊರಡಿಸಬಾರದು. ನೀರಿನ ಮೇಲೆ ಹಿರಿಯನು ಅವನೇ.